ಅಂಗಳದ ಹುಲ್ಲಿಗೆ ವಿಷ: ಬೇಡ ಎನ್ನುವ ಅಧಿಕಾರ ಊರಿನದೋ, ರಾಜಧಾನಿಯದೋ?

ಕೆನಡಾದ ಪರಿಸರ ಕಾನೂನಿನ ಚರ್ಚೆಗಳಲ್ಲಿ ಪದೇ ಪದೇ ಉಲ್ಲೇಖಗೊಳ್ಳುವ ಒಂದು ಮೊಕದ್ದಮೆಯಲ್ಲಿ ಮೊದಲ ಕಕ್ಷಿದಾರನಿಗೆ ಹೆಸರಿಲ್ಲ, ನಂಬರಿದೆ: 114957 ಕೆನಡಾ ಲಿಮಿಟೆ. ಸ್ಪ್ರೇಟೆಕ್ ಎಂಬ ಹೆಸರಿನಲ್ಲಿ ಮನೆ ಮುಂದಿನ ಹುಲ್ಲುಹಾಸುಗಳಿಗೆ ಔಷಧಿ ಹೊಡೆಯುತ್ತಿದ್ದ ಕಂಪನಿಯ ನೋಂದಾಯಿತ ಹೆಸರು ಅದು. ಅದರ ಜೊತೆಗಿದ್ದದ್ದು ಕೆಮ್‌ಲಾನ್ ಎಂಬ ಇನ್ನೊಂದು ದೊಡ್ಡ ಕಂಪನಿ. ಎದುರಿಗಿದ್ದದ್ದು ಕ್ವಿಬೆಕ್ ಪ್ರಾಂತ್ಯದಲ್ಲಿ ಮಾಂಟ್ರಿಯಲ್ ನಗರದ ಪಶ್ಚಿಮಕ್ಕಿರುವ ಹಡ್ಸನ್ ಎಂಬ ಪುಟ್ಟ ಊರು. ಆಗಿನ ಜನಸಂಖ್ಯೆ ಐದೂವರೆ ಸಾವಿರವನ್ನೂ ಮುಟ್ಟಿರಲಿಲ್ಲ. 2001ರ ಜೂನ್ 28ರಂದು ಸುಪ್ರೀಂ ಕೋರ್ಟಿನ ಏಳೂ ನ್ಯಾಯಮೂರ್ತಿಗಳು ಊರಿನ ಪರವಾಗಿ ನಿಂತರು. ಬರೀ ಚೆಂದಕ್ಕಾಗಿ ಕೀಟನಾಶಕ ಹೊಡೆಯುವುದನ್ನು ಒಂದು ಪುರಸಭೆ ತನ್ನ ಸರಹದ್ದಿನಲ್ಲಿ ನಿಲ್ಲಿಸಬಹುದು ಎಂದು ಅಂದು ಇತ್ಯರ್ಥವಾಯಿತು.

ಈ ವಿವಾದವನ್ನು ಸಾಮಾನ್ಯವಾಗಿ ಪರಿಸರವಾದಿಗಳಿಗೂ ರಾಸಾಯನಿಕ ಕಂಪನಿಗಳಿಗೂ ನಡೆದ ಜಟಾಪಟಿಯೆಂದು ಹೇಳುವುದು ರೂಢಿ. ವಿಷ ಎಷ್ಟು ಅಪಾಯಕಾರಿ ಎಂಬ ವಾದ ಅದರಲ್ಲಿ ಖಂಡಿತ ಇದೆ. ಆದರೆ ಮೂವತ್ತು ವರ್ಷಗಳ ತೀರ್ಪು, ಕಾಯ್ದೆ, ತಿದ್ದುಪಡಿಗಳನ್ನು ಸಾಲಾಗಿಟ್ಟು ನೋಡಿದರೆ ಸೋಲು ಗೆಲುವುಗಳನ್ನು ನಿರ್ಧರಿಸಿದ್ದು ಬೇರೆಯೇ ಪ್ರಶ್ನೆ: ಬೇಡ ಎನ್ನುವ ಅಧಿಕಾರ ಯಾವ ಕಚೇರಿಯಲ್ಲಿದೆ? ಕಂಪನಿಗಳು ಇದನ್ನು ಬಹಳ ಬೇಗ ಅರ್ಥ ಮಾಡಿಕೊಂಡವು.

ಮೊದಲು ನಿಷೇಧದ ವ್ಯಾಪ್ತಿ ಸ್ಪಷ್ಟವಾಗಬೇಕು. ಕೆನಡಾದ ಈ ಕಾನೂನುಗಳಲ್ಲಿ ಕೀಟನಾಶಕ ಎಂದರೆ ಕಳೆನಾಶಕ, ಶಿಲೀಂಧ್ರನಾಶಕಗಳೂ ಸೇರುತ್ತವೆ. ಬೆಳೆಗೆ ಹೊಡೆಯುವುದು, ಕಾಡಿನಲ್ಲಿ ಬಳಸುವುದು, ರೋಗ ಹರಡುವ ಸೊಳ್ಳೆಗಳನ್ನು ಕೊಲ್ಲುವುದು, ಮನೆಯೊಳಗಿನ ಜಿರಲೆ ತಿಗಣೆಗಳ ಕಾಟ ಕಳೆಯುವುದು, ಇವೆಲ್ಲ ನಿಷೇಧದ ಹೊರಗೆ. ಉಳಿಯುವುದು ಮನೆಯಂಗಳ, ಉದ್ಯಾನ, ಆಟದ ಮೈದಾನಗಳ ಹುಲ್ಲು. ಅಲ್ಲಿ ವೈರಿ ಯಾರು? ಮುಖ್ಯವಾಗಿ ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಸಣ್ಣ ಗಿಡ. ಹಿಮ ಕರಗಿದ ಕೆಲವೇ ವಾರಗಳಲ್ಲಿ ಹುಲ್ಲಿನ ನಡುವೆ ತಲೆಯೆತ್ತುತ್ತದೆ, ಹೂ ಬಲಿತು ಬಿಳಿ ನವಿರಿನ ಉಂಡೆಯಾಗಿ ಗಾಳಿಗೆ ಬೀಜ ತೂರುತ್ತದೆ. ತಾಯಿಬೇರು ಆಳಕ್ಕಿಳಿಯುವುದರಿಂದ ಮೇಲಿನ ಎಲೆ ಕಿತ್ತರೆ ಏನೂ ಆಗುವುದಿಲ್ಲ, ಮತ್ತೆ ಚಿಗುರುತ್ತದೆ. ಮನುಷ್ಯರಿಗೆ ಅದರಿಂದ ಯಾವ ಕೆಡುಕೂ ಇಲ್ಲ. ಎಳೆಯ ಎಲೆಯನ್ನು ಸೊಪ್ಪಿನಂತೆ ತಿನ್ನುವವರೂ ಇದ್ದಾರೆ.

ಈ ಹಳದಿ ಹೂ ಶತ್ರುವಾದದ್ದರ ಹಿಂದೆ ಒಂದು ರಾಸಾಯನಿಕದ ಚರಿತ್ರೆ ಇದೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಮಾರುಕಟ್ಟೆಗೆ ಬಂದ 2,4-ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಹುಲ್ಲನ್ನು ಉಳಿಸುತ್ತದೆ. ಗಿಡದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸಿ, ಗಿಡ ಹತೋಟಿ ತಪ್ಪಿ ಬೆಳೆದು ಸಾಯುವಂತೆ ಮಾಡುವುದು ಅದರ ಕೆಲಸ. ನಮ್ಮ ರೈತರಿಗೂ ಇದು ಪರಿಚಿತ ಹೆಸರೇ. ಅದಕ್ಕೂ ಮುಂಚೆ ಅಮೆರಿಕ, ಕೆನಡಾಗಳಲ್ಲಿ ಹುಲ್ಲುಹಾಸಿನ ಬೀಜದ ಪೊಟ್ಟಣದಲ್ಲೇ ಬಿಳಿ ಕ್ಲೋವರ್ ಬೀಜವನ್ನೂ ಬೆರೆಸಿ ಮಾರುತ್ತಿದ್ದರು. ಕ್ಲೋವರ್ ದ್ವಿದಳ ಜಾತಿಯ ಗಿಡ, ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತದೆ, ಗೊಬ್ಬರದ ಖರ್ಚು ಉಳಿಸುತ್ತದೆ. 2,4-ಡಿಗೆ ಕ್ಲೋವರ್ ಕೂಡ ಅಗಲ ಎಲೆಯ ಗಿಡವೇ ಆದ್ದರಿಂದ ಹೊಡೆದಲ್ಲೆಲ್ಲ ಅದೂ ಸಾಯತೊಡಗಿತು. ಆಮೇಲೆ ನಡೆದದ್ದು ಜಾಣ ವ್ಯಾಪಾರ: ಔಷಧಿ ಕೊಲ್ಲುವ ಗಿಡವೆಲ್ಲ ಕಳೆಯ ಪಟ್ಟಿಗೆ ಸೇರಿತು, ಕ್ಲೋವರ್ ಹೋದ ಜಾಗಕ್ಕೆ ಸಾರಜನಕದ ಗೊಬ್ಬರವನ್ನು ಬೇರೆಯಾಗಿ ಮಾರಲಾಯಿತು. ಒಂದೇ ಬಗೆಯ ಹುಲ್ಲು, ಒಂದೇ ಹಸಿರು, ನಡುವೆ ಬೇರೇನೂ ಇಲ್ಲದ ಅಂಗಳ ಮಧ್ಯಮ ವರ್ಗದ ಮರ್ಯಾದೆಯ ಗುರುತಾಯಿತು.

ಕೆನಡಾದ ಟೊರಾಂಟೊ ಪಕ್ಕದ ಬ್ರಾಂಪ್ಟನ್, ಮಿಸಿಸಾಗಾಗಳಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಈ ಮರ್ಯಾದೆಯ ಒತ್ತಡದ ಅರಿವು ಚೆನ್ನಾಗಿಯೇ ಇರುತ್ತದೆ. ಪಕ್ಕದ ಮನೆಯವರ ಅಂಗಳ ಹಸಿರಾಗಿರುವಾಗ ನಮ್ಮದು ಮಾತ್ರ ಹಳದಿಯಾದರೆ ಮುಜುಗರ. ಟೊರಾಂಟೊ ನಗರದಲ್ಲಂತೂ ಹುಲ್ಲು 20 ಸೆಂಟಿಮೀಟರಿಗಿಂತ ಎತ್ತರ ಬೆಳೆಯಬಾರದೆಂಬ ನಿಯಮವೇ ಇದೆ. ಅಂಗಳ ಒಪ್ಪವಾಗಿರಲಿ ಎನ್ನುವುದೂ ಸ್ಥಳೀಯ ಆಡಳಿತವೇ, ಒಪ್ಪ ಮಾಡಲು ವಿಷ ಹೊಡೆಯಬೇಡಿ ಎನ್ನುವುದೂ ಅದೇ.

ಹಡ್ಸನ್‌ನಲ್ಲಿ ನಡೆದದ್ದು

1985ರಿಂದ ಡಾ. ಜೂನ್ ಇರ್ವಿನ್ ಎಂಬ ಚರ್ಮರೋಗ ತಜ್ಞೆ ಹಡ್ಸನ್ ಪುರಸಭೆಯ ಸಭೆಗಳಿಗೆ ಹೋಗಿ ಕೂರತೊಡಗಿದರು. ತಮ್ಮ ರೋಗಿಗಳ ತೊಂದರೆಗಳಿಗೂ ಅಂಗಳಕ್ಕೆ ಹೊಡೆಯುವ ರಾಸಾಯನಿಕಗಳಿಗೂ ನಂಟಿದೆ ಎಂಬುದು ಅವರ ಅನುಮಾನ. ಸಭೆಯಲ್ಲಿ ಪತ್ರ ಓದುವುದು, ಪ್ರಶ್ನೆ ಕೇಳುವುದು, ಮುಂದಿನ ಸಭೆಗೆ ಮತ್ತೆ ಬರುವುದು. ವರ್ಷಗಟ್ಟಲೆ ಇದೇ ನಡೆಯಿತು. ಕೊನೆಗೆ 1991ರ ಮೇ ತಿಂಗಳಿನಲ್ಲಿ ಪುರಸಭೆ 270ನೇ ಉಪವಿಧಿಯನ್ನು ಅಂಗೀಕರಿಸಿತು. ಅದರ ರಚನೆ ಸರಳ: ಊರಿನಲ್ಲಿ ಕೀಟನಾಶಕ ಬಳಸುವಂತಿಲ್ಲ, ಪಟ್ಟಿ ಮಾಡಿದ ಸಂದರ್ಭಗಳನ್ನು ಬಿಟ್ಟು. ಈಜುಕೊಳ, ಕುಡಿಯುವ ನೀರು, ಕಟ್ಟಡದ ಒಳಗಿನ ಬಳಕೆ, ಮನುಷ್ಯರಿಗೆ ಅಪಾಯ ಒಡ್ಡುವ ಪ್ರಾಣಿ ಸಸ್ಯಗಳು ಪಟ್ಟಿಯಲ್ಲಿದ್ದವು. ರೈತರು ಏನು ಬಳಸುತ್ತೇವೆಂದು ಪುರಸಭೆಗೆ ತಿಳಿಸಿದರೆ ಸಾಕು. ಗಾಲ್ಫ್ ಮೈದಾನಗಳಿಗೆ ಐದು ವರ್ಷಗಳ ಗಡುವು.

1992ರ ನವೆಂಬರಿನಲ್ಲಿ ಉಪವಿಧಿ ಉಲ್ಲಂಘನೆಗಾಗಿ ಸ್ಪ್ರೇಟೆಕ್ ಮತ್ತು ಕೆಮ್‌ಲಾನ್ ಮೇಲೆ ಪ್ರಕರಣ ದಾಖಲಾಯಿತು. ಕಂಪನಿಗಳು ಉಪವಿಧಿಯನ್ನೇ ಪ್ರಶ್ನಿಸಿದವು. 1993ರಲ್ಲಿ ಕ್ವಿಬೆಕ್‌ನ ನ್ಯಾಯಾಲಯದಲ್ಲಿ ಸೋತವು, 1998ರಲ್ಲಿ ಅಪೀಲಿನಲ್ಲೂ ಸೋತವು, 2001ರಲ್ಲಿ ರಾಜಧಾನಿ ಒಟ್ಟಾವಾದ ಸುಪ್ರೀಂ ಕೋರ್ಟಿನಲ್ಲಿ ಕೊನೆಯ ಬಾರಿ ಸೋತವು. ಅಪೀಲಿನುದ್ದಕ್ಕೂ ಅವುಗಳ ಮುಖ್ಯ ವಾದ ಇದು: ನಾವು ಬಳಸುವ ಉತ್ಪನ್ನಗಳನ್ನು ಕೇಂದ್ರ ಸರ್ಕಾರ ಪರೀಕ್ಷಿಸಿ ನೋಂದಾಯಿಸಿದೆ, ಸಿಂಪಡಿಸಲು ಪ್ರಾಂತ್ಯ ನಮಗೆ ಪರವಾನಗಿ ಕೊಟ್ಟಿದೆ, ಅವರಿಬ್ಬರೂ ಒಪ್ಪಿದ್ದನ್ನು ಬೇಡವೆನ್ನಲು ಒಂದು ಪುರಸಭೆಗೆ ಎಲ್ಲಿಯ ಅಧಿಕಾರ?

ಕೇಳಲು ಗಟ್ಟಿಯಾದ ವಾದ. ಆದರೆ ಅನುಮತಿ ಎಂದರೆ ಬಳಸಲೇಬೇಕೆಂಬ ಆದೇಶವಲ್ಲ. ಆರ್‌ಟಿಒ ಕಚೇರಿ ಲಾರಿ ಚಾಲಕನಿಗೆ ಲೈಸೆನ್ಸ್ ಕೊಟ್ಟಿದೆ ಎಂದಮಾತ್ರಕ್ಕೆ ಬೀದಿಯ ತುದಿಯಲ್ಲಿರುವ ಪ್ರವೇಶ ನಿಷೇಧದ ಫಲಕ ಅವನಿಗೆ ಅನ್ವಯಿಸದೆ ಹೋಗುವುದಿಲ್ಲ. ಕೋರ್ಟ್ ಹಿಡಿದ ದಾರಿಯೂ ಇದೇ. ಕೇಂದ್ರದ ಕಾನೂನು, ಪ್ರಾಂತ್ಯದ ಕಾನೂನು, ಊರಿನ ಉಪವಿಧಿ ಮೂರನ್ನೂ ಒಟ್ಟಿಗೆ ಪಾಲಿಸುವುದು ಸಾಧ್ಯವಿದ್ದರೆ ಅವು ಪರಸ್ಪರ ವಿರುದ್ಧವಲ್ಲ. ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಕ್ಲೇರ್ ಲೂರು-ದ್ಯುಬೆ, ಜನರಿಗೆ ಹತ್ತಿರವಿರುವ ಆಡಳಿತವೇ ಅವರ ಅಗತ್ಯಗಳಿಗೆ ಚೆನ್ನಾಗಿ ಸ್ಪಂದಿಸಬಲ್ಲದು ಎಂಬ ತತ್ವವನ್ನು ಆಧಾರವಾಗಿ ಇಟ್ಟುಕೊಂಡರು. ಊರಿನ ಜನರ ಸಾಮಾನ್ಯ ಕ್ಷೇಮಕ್ಕಾಗಿ ಉಪವಿಧಿ ಮಾಡಬಹುದೆಂದು ಪುರಸಭೆ ಕಾಯ್ದೆಯಲ್ಲಿದ್ದ ಒಂದು ಹಳೆಯ, ಯಾರೂ ಹೆಚ್ಚು ಗಮನಿಸದ ಕಲಮಿಗೆ ಇದರಿಂದ ಜೀವ ಬಂತು.

ಇದೇ ತೀರ್ಪಿನಲ್ಲಿ ಭಾರತದ ಹೆಸರೂ ಇದೆ. ಹಾನಿ ಪೂರ್ತಿ ಸಾಬೀತಾಗುವವರೆಗೆ ಕಾಯದೆ ಮುಂಜಾಗ್ರತೆ ವಹಿಸಬೇಕೆಂಬ ತತ್ವವನ್ನು ಭಾರತದ ಸುಪ್ರೀಂ ಕೋರ್ಟ್ ಅಂತರರಾಷ್ಟ್ರೀಯ ರೂಢಿಗತ ಕಾನೂನಿನ ಭಾಗವೆಂದೇ ಒಪ್ಪಿದೆ ಎಂದು ಹೇಳಿ, ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿಯ 1999ರ ಪ್ರಕರಣವನ್ನೂ 1996ರ ವೆಲ್ಲೂರು ನಾಗರಿಕರ ವೇದಿಕೆಯ ಪ್ರಕರಣವನ್ನೂ ಕೆನಡಾದ ನ್ಯಾಯಮೂರ್ತಿ ಉಲ್ಲೇಖಿಸಿದ್ದಾರೆ. ಪಾಲಾರ್ ನದಿಗೆ ಚರ್ಮ ಹದ ಮಾಡುವ ಕಾರ್ಖಾನೆಗಳು ಬಿಡುತ್ತಿದ್ದ ಹೊಲಸಿನ ವಿರುದ್ಧ ತಮಿಳುನಾಡಿನ ಜನ ಹೂಡಿದ ದಾವೆ, ಮಾಂಟ್ರಿಯಲ್ ಪಕ್ಕದ ಹುಲ್ಲುಹಾಸಿನ ತಕರಾರಿಗೆ ಆಸರೆಯಾಯಿತು. ನಮ್ಮಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಅದೇ 1991, ಗಡಿಯ ಆಚೆ

ಹಡ್ಸನ್ ಉಪವಿಧಿ ಅಂಗೀಕರಿಸಿದ ಮರುತಿಂಗಳೇ, 1991ರ ಜೂನ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆಯೂ ಇಂಥದೇ ಪ್ರಶ್ನೆ ಇತ್ಯರ್ಥವಾಯಿತು. ವಿಸ್ಕಾನ್ಸಿನ್ ರಾಜ್ಯದ ಕೇಸಿ ಎಂಬ ಹಳ್ಳಿ, ವಿಮಾನದಿಂದ ಔಷಧಿ ಸಿಂಪಡಿಸಲು ತನ್ನ ಅನುಮತಿ ಬೇಕೆಂದು ನಿಯಮ ಮಾಡಿತ್ತು. ಕೇಂದ್ರದ ಕೀಟನಾಶಕ ಕಾನೂನು ಇಂಥ ಸ್ಥಳೀಯ ನಿಯಮಗಳಿಗೆ ಅಡ್ಡಿಯಲ್ಲ ಎಂದು ಕೋರ್ಟ್ ಸರ್ವಾನುಮತದಿಂದ ಹೇಳಿತು. ಕಾಗದದ ಮೇಲೆ ಇದು ಹಡ್ಸನ್‌ಗಿಂತ ಹತ್ತು ವರ್ಷ ಮುಂಚಿನ ಗೆಲುವು.

ಹಾಗಿದ್ದರೂ ಇಂದು ಅಮೆರಿಕದ ಬಹುಪಾಲು ಊರುಗಳಿಗೆ ಆ ಅಧಿಕಾರವಿಲ್ಲ. ಉದ್ಯಮ ಕೋರ್ಟಿನಲ್ಲಿ ಸೋತದ್ದನ್ನು ರಾಜ್ಯಗಳ ಶಾಸನಸಭೆಗಳಲ್ಲಿ ಗೆದ್ದುಕೊಂಡಿತು. ಕೇಂದ್ರ ಅಡ್ಡಿಯಲ್ಲದಿದ್ದರೆ ರಾಜ್ಯ ಅಡ್ಡಿಯಾಗಲಿ ಎಂಬುದು ಲೆಕ್ಕಾಚಾರ. ಸ್ಥಳೀಯ ಸಂಸ್ಥೆಗಳು ಕೀಟನಾಶಕದ ವಿಷಯದಲ್ಲಿ ನಿಯಮ ಮಾಡುವಂತಿಲ್ಲ ಎಂಬ ಮಾದರಿ ಮಸೂದೆಯನ್ನು ಅಲೆಕ್ ಎಂಬ, ಶಾಸಕರನ್ನೂ ಕಂಪನಿಗಳನ್ನೂ ಒಂದೇ ಮೇಜಿಗೆ ಕೂರಿಸುವ ಸಂಸ್ಥೆ ಹಂಚಿತು. ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇಂಥ ಕಾನೂನಿದೆ. ಕೇಸಿ ಹಳ್ಳಿಯಿರುವ ವಿಸ್ಕಾನ್ಸಿನ್ ಕೂಡ ಅದರಲ್ಲಿ ಸೇರಿದೆ. ತಡೆ ಇಲ್ಲದ ಕೆಲವೇ ರಾಜ್ಯಗಳಲ್ಲಿ ಏನಾಗಬಹುದು ಎಂಬುದಕ್ಕೆ ಮೇನ್ ರಾಜ್ಯದ ಒಗಂಕ್ವಿಟ್, ಸೌತ್ ಪೋರ್ಟ್‌ಲ್ಯಾಂಡ್, ಪೋರ್ಟ್‌ಲ್ಯಾಂಡ್‌ಗಳು ಸಾಕ್ಷಿ. ಮೇರಿಲ್ಯಾಂಡಿನ ಮಾಂಟ್‌ಗಮರಿ ಕೌಂಟಿ, ಹತ್ತು ಲಕ್ಷ ಜನರಿರುವ ಪ್ರದೇಶ, 2015ರಲ್ಲಿ ಖಾಸಗಿ ಹುಲ್ಲುಹಾಸಿಗೂ ನಿಷೇಧ ಹಾಕಿತು; 2017ರಲ್ಲಿ ಕೆಳ ನ್ಯಾಯಾಲಯ ಅದನ್ನು ಹೊಡೆದುಹಾಕಿತು, 2019ರಲ್ಲಿ ಮೇಲಿನ ನ್ಯಾಯಾಲಯ ಮತ್ತೆ ಎತ್ತಿಹಿಡಿಯಿತು. 2018ರ ಕೃಷಿ ಮಸೂದೆಯಲ್ಲಿ ಇಡೀ ದೇಶಕ್ಕೇ ಅನ್ವಯವಾಗುವ ತಡೆಯನ್ನು ತುರುಕುವ ಪ್ರಯತ್ನ ನಡೆದು ಕೊನೆಗೆ ಕೈಬಿಟ್ಟುಹೋಯಿತು.

ಫ್ರಾನ್ಸಿನ ದಾರಿ ಇನ್ನೂ ವಿಚಿತ್ರ. ಅಲ್ಲಿ 2014ರ ಲಬೆ ಕಾನೂನಿನಂತೆ ಸಾರ್ವಜನಿಕ ಉದ್ಯಾನಗಳಿಗೆ 2017ರಿಂದ, ಮನೆಯ ಕೈತೋಟಗಳಿಗೆ 2019ರಿಂದ ರಾಸಾಯನಿಕಗಳ ನಿಷೇಧ ಜಾರಿಗೆ ಬಂತು. ಪ್ಯಾರಿಸ್ ಹಾಕಿದ ನಿಷೇಧವಾದ್ದರಿಂದ ಅಧಿಕಾರದ ತಕರಾರಿಲ್ಲ. ಅದೇ 2019ರಲ್ಲಿ ಫ್ರಾನ್ಸಿನದೇ ಬ್ರಿಟನಿ ಪ್ರದೇಶದ ಲಾಂಗುಯೆ ಎಂಬ ಹಳ್ಳಿಯ ಮೇಯರ್, ಮನೆಗಳಿಂದ 150 ಮೀಟರ್ ಒಳಗೆ ಹೊಲಕ್ಕೂ ಹೊಡೆಯುವಂತಿಲ್ಲ ಎಂದು ಆದೇಶಿಸಿದಾಗ ಕೋರ್ಟ್ ಕೂಡಲೇ ತಡೆಯಿತು. ಕೀಟನಾಶಕದ ಅಧಿಕಾರ ರಾಷ್ಟ್ರೀಯ ಸರ್ಕಾರದ್ದು, ಮೇಯರ್‌ಗಳದ್ದಲ್ಲ ಎಂದು ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ 2020ರ ಕೊನೆಯ ದಿನ ಷರಾ ಬರೆಯಿತು.

ಗೆದ್ದ ಮೇಲೆ ಕೆನಡಾದಲ್ಲಿ

ಹಡ್ಸನ್ ತೀರ್ಪಿನ ನಂತರ ಕೆನಡಾದ ನೂರಕ್ಕೂ ಹೆಚ್ಚು ಊರುಗಳು ಇಂಥ ಉಪವಿಧಿ ಮಾಡಿದವು. ಟೊರಾಂಟೊ 2003ರಲ್ಲಿ ಅಂಗೀಕರಿಸಿ 2004ರ ಏಪ್ರಿಲ್‌ನಿಂದ ಜಾರಿಗೊಳಿಸಿತು. ಕೀಟನಾಶಕ ತಯಾರಕರ ಸಂಘಟನೆ ಕ್ರಾಪ್‌ಲೈಫ್ ಕೆನಡಾ ಕೋರ್ಟಿಗೆ ಹೋಗಿ 2005ರಲ್ಲಿ ಸೋತಿತು. ಕ್ವಿಬೆಕ್ ಪ್ರಾಂತ್ಯ ತಾನೇ ನಿಯಮಾವಳಿ ರೂಪಿಸಿ 2006ರ ಹೊತ್ತಿಗೆ 2,4-ಡಿ ಸೇರಿ 20 ರಾಸಾಯನಿಕಗಳನ್ನು ಹುಲ್ಲುಹಾಸುಗಳಿಂದ ಹೊರಗಿಟ್ಟಿತು.

ಊರಿನ ಮಟ್ಟದಲ್ಲೂ ಪ್ರಾಂತ್ಯದ ಮಟ್ಟದಲ್ಲೂ ಸೋತ ಮೇಲೆ ಉಳಿದದ್ದು ಅಂತರರಾಷ್ಟ್ರೀಯ ಮಟ್ಟ. ಅಮೆರಿಕದ ಡೌ ಅಗ್ರೊಸೈನ್ಸಸ್ 2009ರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದದಡಿ ಕೆನಡಾ ಸರ್ಕಾರದಿಂದ 20 ಲಕ್ಷ ಡಾಲರ್ ಪರಿಹಾರ ಕೇಳಿತು. ಅಂಥ ಕಂಪನಿಗೆ ಈ ಮೊತ್ತ ಲೆಕ್ಕಕ್ಕೇ ಇಲ್ಲ. ಬೇಕಾಗಿದ್ದದ್ದು ಬೇರೆ ಪ್ರಾಂತ್ಯಗಳಿಗೆ ಒಂದು ಎಚ್ಚರಿಕೆ. 2011ರ ಮೇ ತಿಂಗಳಿನಲ್ಲಿ ರಾಜಿಯಾಯಿತು. ನಿಷೇಧ ಉಳಿಯಿತು, ಒಂದು ಡಾಲರೂ ಪಾವತಿಯಾಗಲಿಲ್ಲ. ಬದಲಿಗೆ, ಲೇಬಲ್ಲಿನ ಸೂಚನೆಯಂತೆ ಬಳಸಿದರೆ 2,4-ಡಿ ಉತ್ಪನ್ನಗಳಿಂದ ಆರೋಗ್ಯಕ್ಕಾಗಲೀ ಪರಿಸರಕ್ಕಾಗಲೀ ಒಪ್ಪಲಾಗದ ಅಪಾಯವಿಲ್ಲ ಎಂಬ ಕೇಂದ್ರದ ಅಭಿಪ್ರಾಯವನ್ನು ಕ್ವಿಬೆಕ್ ಒಪ್ಪಿ ಬರೆದುಕೊಟ್ಟಿತು. ಇಬ್ಬರೂ ಗೆದ್ದೆವೆಂದರು. ಅಪಾಯವಿಲ್ಲ ಎಂದು ಒಪ್ಪಿದ ಮೇಲೆ ನಿಷೇಧ ಯಾಕೆ ಎಂದು ಕಂಪನಿಯ ಪರದವರು ಕೇಳುವುದು ಸಹಜ.

ಆ ಪ್ರಶ್ನೆಯನ್ನು ತಳ್ಳಿಹಾಕಬಾರದು. ವಿಜ್ಞಾನದ ಅಂಕಣದಲ್ಲಿ ಉದ್ಯಮದ ಕೈ ಬರಿದಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ 2,4-ಡಿಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ವರ್ಗಕ್ಕೆ ಸೇರಿಸಿತಾದರೂ, ಅದು ಆ ಸಂಸ್ಥೆಯ ವರ್ಗೀಕರಣದಲ್ಲಿ ದುರ್ಬಲ ಸಾಕ್ಷ್ಯದ ಗುಂಪು. ಕೆನಡಾದ ಕೇಂದ್ರ ನಿಯಂತ್ರಣ ಸಂಸ್ಥೆ ಅದನ್ನು ಹುಲ್ಲಿನ ಬಳಕೆಗೆ ಒಪ್ಪಿದೆ. ಆದರೂ ನಿಷೇಧದ ತರ್ಕ ಕುಸಿಯುವುದಿಲ್ಲ ಎಂಬುದು ನನ್ನ ನಿಲುವು. ಗದ್ದೆಯಲ್ಲಿ ಔಷಧಿಯ ಅಪಾಯದ ಎದುರಿಗೆ ತೂಗಲು ಫಸಲಿದೆ, ರೈತನ ಬದುಕಿದೆ. ಮಲೇರಿಯಾ ಸೊಳ್ಳೆಯ ಎದುರಿಗೆ ಜೀವವೇ ಇದೆ. ಅಂಗಳದಲ್ಲಿ ಎದುರಿಗಿರುವುದು ಹಳದಿ ಹೂ ಕಾಣಿಸಬಾರದೆಂಬ ಆಸೆ. ಲಾಭ ಅಷ್ಟು ತೆಳುವಾಗಿರುವಾಗ ಸಣ್ಣ ಅನುಮಾನವೂ ಸಾಕಾಗುತ್ತದೆ. ಈ ತೂಕವನ್ನು ದೆಹಲಿಯಲ್ಲೋ ಒಟ್ಟಾವಾದಲ್ಲೋ ಕೂತ ತಜ್ಞ ಮಾಡಲಾರ. ಅವನ ಕೆಲಸ ಪ್ರಮಾಣ ಅಳೆಯುವುದು. ನಮ್ಮ ಊರಿಗೆ ಇದು ಬೇಕೇ ಎಂಬುದು ಊರಿನವರು ಹೇಳಬೇಕಾದ ಮಾತು.

ಒಂಟಾರಿಯೊ ಪ್ರಾಂತ್ಯದ ನಿಷೇಧ 2009ರ ಏಪ್ರಿಲ್ 22ರ ಭೂಮಿ ದಿನದಂದು ಜಾರಿಯಾಯಿತು. 250ಕ್ಕೂ ಹೆಚ್ಚು ಉತ್ಪನ್ನಗಳು ಅಂಗಡಿಯ ಕಪಾಟಿನಿಂದ ಇಳಿದವು. ಮೊದಲೂ ನಂತರವೂ ನಗರದ ತೊರೆಗಳ ನೀರನ್ನು ಪರೀಕ್ಷಿಸಿದಾಗ ಹುಲ್ಲುಹಾಸಿಗೆ ಬಳಸುತ್ತಿದ್ದ 2,4-ಡಿ, ಡೈಕಾಂಬಾ, ಎಂಸಿಪಿಪಿಗಳ ಪ್ರಮಾಣ ಒಂದೇ ವರ್ಷದಲ್ಲಿ ಗಣನೀಯವಾಗಿ ಇಳಿದಿತ್ತು. ಆದರೆ ಇದೇ ಕಾಯ್ದೆಯ ಒಂದು ಸಣ್ಣ ಉಪಕಲಮು ಊರುಗಳ ಉಪವಿಧಿಗಳನ್ನು ನಿಷ್ಕ್ರಿಯಗೊಳಿಸಿತು. ಟೊರಾಂಟೊದ ಉಪವಿಧಿ ಅಲ್ಲಿಗೆ ಮುಗಿಯಿತು. ಪ್ರಾಂತ್ಯದ ನಿಷೇಧ ಬಲವಾಗಿರುವಷ್ಟು ಕಾಲ ಇದರಿಂದ ನಷ್ಟ ಕಾಣುವುದಿಲ್ಲ. ಅದು ಸಡಿಲವಾದ ದಿನ ಊರುಗಳ ಕೈಯಲ್ಲಿ ಏನೂ ಇರುವುದಿಲ್ಲ.

ಮ್ಯಾನಿಟೋಬಾ ಪ್ರಾಂತ್ಯ ಆ ಸಡಿಲಿಕೆಯನ್ನು ತೋರಿಸಿಕೊಟ್ಟಿದೆ. 2015ರಲ್ಲಿ ಜಾರಿಗೆ ಬಂದ ನಿಷೇಧವನ್ನು ಅಲ್ಲಿನ ಶಾಸನಸಭೆ 2022ರಲ್ಲಿ ಮೊಟಕುಗೊಳಿಸಿತು. ಶಾಲೆ, ಶಿಶುವಿಹಾರ, ಆಸ್ಪತ್ರೆ, ಆಟದ ಮೈದಾನಗಳಂಥ ಕೆಲವು ಜಾಗಗಳಲ್ಲಿ ಮಾತ್ರ ನಿಷೇಧ ಉಳಿಯಿತು. ಒತ್ತಡ ಹಾಕಿದವರಲ್ಲಿ ಪುರಸಭೆಗಳೂ ಇದ್ದವು ಎಂಬುದನ್ನು ಪರಿಸರವಾದಿಗಳು ಮುಚ್ಚಿಡಬಾರದು. ಬದಲಿ ಔಷಧಿಗಳು ದುಬಾರಿ, ಮತ್ತೆ ಮತ್ತೆ ಹೊಡೆಯಬೇಕು, ರಸ್ತೆ ಬದಿಯ ಕಳೆ ಕೈಮೀರುತ್ತಿದೆ ಎಂಬುದು ಅವುಗಳ ಅಳಲು.

ಉದ್ಯಮ ಸತ್ತಿತೇ?

ಸಾಯಲಿಲ್ಲ, ಎರಡಾಗಿ ಒಡೆಯಿತು. ಜಿರಲೆ, ತಿಗಣೆ, ಇಲಿ ಹಿಡಿಯುವ ಪೆಸ್ಟ್ ಕಂಟ್ರೋಲ್ ಕಂಪನಿಗಳಿಗೆ ಈ ನಿಷೇಧಗಳು ಹೆಚ್ಚೇನೂ ತಟ್ಟಲಿಲ್ಲ. ಪೆಟ್ಟು ಬಿದ್ದದ್ದು ಹುಲ್ಲುಹಾಸಿನ ಕಂಪನಿಗಳಿಗೆ. ಅವು ದಾರಿ ಬದಲಿಸಿದವು. ಇಂದು ಒಂಟಾರಿಯೊದಲ್ಲಿ ಡ್ಯಾಂಡೆಲಿಯನ್‌ಗೆ ಹೊಡೆಯುವುದು ಫಿಯೆಸ್ಟಾ ಎಂಬ ಕಬ್ಬಿಣದ ಸಂಯುಕ್ತ. ಅಗಲ ಎಲೆಗಳು ಕಬ್ಬಿಣವನ್ನು ಮಿತಿಮೀರಿ ಹೀರಿಕೊಂಡು ಕೆಲವೇ ಗಂಟೆಗಳಲ್ಲಿ ಕಪ್ಪಗಾಗುತ್ತವೆ, ಹುಲ್ಲು ಮಾತ್ರ ಇನ್ನಷ್ಟು ಹಸಿರಾಗುತ್ತದೆ. ಗ್ರಾಹಕನ ಕಣ್ಣಿಗೆ ಹಬ್ಬ. ಬೇರು ಬಲವಾಗಿದ್ದರೆ ಗಿಡ ಮತ್ತೆ ಚಿಗುರುವುದರಿಂದ ಕಂಪನಿ ಮತ್ತೊಮ್ಮೆ ಬರಬೇಕು, ಮತ್ತೊಂದು ಬಿಲ್ಲು. ಬೇರು ತಿನ್ನುವ ಗೊಣ್ಣೆಹುಳುಗಳಿಗೆ ಕಣ್ಣಿಗೆ ಕಾಣದ ಜಂತುಗಳನ್ನು ನೀರಿನಲ್ಲಿ ಬೆರೆಸಿ ಬಿಡುತ್ತಾರೆ. ನೆಲಕ್ಕೆ ರಂಧ್ರ ಕೊರೆದು ಗಾಳಿಯಾಡಿಸುವುದು, ಖಾಲಿ ಜಾಗಕ್ಕೆ ಹೆಚ್ಚುವರಿ ಬೀಜ ಚೆಲ್ಲುವುದು ಇವೆಲ್ಲ ಈಗ ಪ್ಯಾಕೇಜಿನ ಭಾಗ.

ಗಾಲ್ಫ್ ಮೈದಾನಗಳ ರಿಯಾಯಿತಿ ಮಾತ್ರ ಎಷ್ಟು ಯೋಚಿಸಿದರೂ ಒಪ್ಪಿಗೆಯಾಗುವುದಿಲ್ಲ. ಹಡ್ಸನ್ ಐದು ವರ್ಷದ ಗಡುವು ಕೊಟ್ಟಿತ್ತು. ಒಂಟಾರಿಯೊ ತರಬೇತಿ, ವರದಿಗಳ ಷರತ್ತು ಹಾಕಿ ಗಡುವಿಲ್ಲದ ವಿನಾಯಿತಿ ಕೊಟ್ಟಿದೆ. ಹುಲ್ಲು ನಯವಾಗಿರಬೇಕೆಂಬುದು ಚೆಂದದ ಪ್ರಶ್ನೆ ಅಲ್ಲದಿದ್ದರೆ ಇನ್ನೇನು? ಸಾಮಾನ್ಯ ಗೃಹಸ್ಥನ ಅಂಗಳಕ್ಕೆ ಒಂದು ನ್ಯಾಯ, ಸದಸ್ಯತ್ವ ಶುಲ್ಕ ಕಟ್ಟುವವರ ಮೈದಾನಕ್ಕೆ ಇನ್ನೊಂದು.

ನಮ್ಮಲ್ಲಿ ಕೀಲಿ ಯಾರ ಕೈಯಲ್ಲಿ?

ಭಾರತದಲ್ಲಿ ಕೀಟನಾಶಕಗಳ ನೋಂದಣಿ ಪೂರ್ತಿ ಕೇಂದ್ರದ ಕೈಯಲ್ಲಿದೆ. 1968ರ ಕೀಟನಾಶಕ ಕಾಯ್ದೆಯ 27ನೇ ಕಲಮಿನಡಿ ರಾಜ್ಯ ಸರ್ಕಾರ ಒಂದು ಉತ್ಪನ್ನವನ್ನು ತನಿಖೆಯ ಅವಧಿಗೆ 60 ದಿನ ತಡೆಹಿಡಿಯಬಹುದು, ಅಗತ್ಯವಿದ್ದರೆ ಇನ್ನು 30 ದಿನ. ಅಷ್ಟೇ. ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಗಳ ಸಂಕಟ ಗೊತ್ತಿದ್ದೂ, 2011ರ ಫೆಬ್ರುವರಿಯಲ್ಲಿ ಕರ್ನಾಟಕಕ್ಕೆ ಹೊರಡಿಸಲು ಸಾಧ್ಯವಾದದ್ದು 60 ದಿನಗಳ ನಿಷೇಧದ ಆದೇಶ ಮಾತ್ರ. ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿದ ಮೇಲೆಯೇ ವಿಷಯ ಒಂದು ದಡ ಮುಟ್ಟಿದ್ದು. ಹಡ್ಸನ್‌ನಂಥ ಊರಿಗಿದ್ದ ಅಧಿಕಾರ ಆರು ಕೋಟಿ ಜನರ ರಾಜ್ಯಕ್ಕೆ ಇರಲಿಲ್ಲ.

ಇನ್ನೊಂದು ತಮಾಷೆ ನೋಡಿ. ಕೆನಡಾದ ಊರುಗಳು ಸಿಂಪಡಿಸುವ ಕಂಪನಿಗಳ ಕೈ ಕಟ್ಟಿದರೆ, 2022ರ ಅಕ್ಟೋಬರಿನಲ್ಲಿ ನಮ್ಮ ಕೇಂದ್ರ ಸರ್ಕಾರ ಗ್ಲೈಫೊಸೇಟ್ ಕಳೆನಾಶಕವನ್ನು ಪೆಸ್ಟ್ ಕಂಟ್ರೋಲ್ ನಿರ್ವಾಹಕರ ಹೊರತು ಬೇರೆ ಯಾರೂ ಬಳಸುವಂತಿಲ್ಲ ಎಂದು ಆದೇಶಿಸಿತು. ನಿರ್ಬಂಧದ ಹೆಸರಿನಲ್ಲಿ ಉದ್ಯಮಕ್ಕೆ ಏಕಸ್ವಾಮ್ಯ. ಹೊಲದ ಬದುವಿನಲ್ಲಿ ಕಳೆ ಕೀಳಲು ಆಳು ಸಿಗದ ರೈತ ಅಂಥ ನಿರ್ವಾಹಕನನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಆದೇಶ ಬರೆದವರು ಯೋಚಿಸಿದಂತಿಲ್ಲ.

ಬೆಂಗಳೂರು, ಮೈಸೂರುಗಳಲ್ಲಿ ಬಡಾವಣೆಗಳ ಉದ್ಯಾನ, ಅಪಾರ್ಟ್‌ಮೆಂಟಿನ ಹುಲ್ಲುಹಾಸು ಹೆಚ್ಚುತ್ತಿರುವಾಗ ಈ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆ. ಖಾಸಗಿ ಅಂಗಳದಲ್ಲಿ ನೋಂದಾಯಿತ ಔಷಧಿ ಹೊಡೆಯಬೇಡಿ ಎಂದು ಪಾಲಿಕೆಯೊಂದು ಆದೇಶಿಸಿದರೆ ಅದು ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂಬುದು ವಾದಕ್ಕೆ ಬಿಟ್ಟ ವಿಷಯ. ಸಾರ್ವಜನಿಕ ಆರೋಗ್ಯವೂ, ಕೀಟಗಳಿಂದ ಬೆಳೆಯ ರಕ್ಷಣೆಯೂ ಸಂವಿಧಾನದ ರಾಜ್ಯ ಪಟ್ಟಿಯಲ್ಲಿವೆ. ರಾಸಾಯನಿಕ ಕೃಷಿ ಒಳಸುರಿಗಳನ್ನು ನಿಯಂತ್ರಿಸಲು ಸಿಕ್ಕಿಂ 2014ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ. ಹೀಗಾಗಿ ದಾರಿ ಪೂರ್ತಿ ಮುಚ್ಚಿಲ್ಲ. ಆದರೆ ಪಾಲಿಕೆಯದೇ ಉದ್ಯಾನಗಳ ಮಟ್ಟಿಗೆ ಈ ವಾದವೆಲ್ಲ ಬೇಕಾಗಿಯೇ ಇಲ್ಲ. ಪಾರ್ಕು, ಆಟದ ಮೈದಾನಗಳು ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲೇ ನಗರಾಡಳಿತದ ಹೊಣೆಯಾಗಿ ಸೇರಿವೆ, ನಿರ್ವಹಣೆ ಗುತ್ತಿಗೆದಾರರ ಮೂಲಕ ನಡೆಯುತ್ತದೆ. ಮಕ್ಕಳು ಆಡುವ ಹುಲ್ಲಿಗೆ ಕಳೆನಾಶಕ ಹೊಡೆಯಬಾರದು ಎಂದು ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಲು ದೆಹಲಿಯ ಒಪ್ಪಿಗೆ ಬೇಕಿಲ್ಲ.